ಲೆಜರಿಗೆ ಸಿಗದ ಲೆಕ್ಕ

ಅಕ್ಕಲಕೋಟ ರಸ್ತೆಯ ಎಂಐಡಿಸಿ ನಿಮಗೆಲ್ಲ ಗೊತ್ತಿದ್ದದ್ದೇ. ಚಾದರು, ಟವೆಲು ನೇಯುವ ಮಗ್ಗಗಳ ಸದ್ದಿನಲ್ಲಿ ಕನ್ನಡ, ಮರಾಠಿ, ತೆಲುಗು ಯಾವುದಾದರೂ ಕೂಗಿಯೇ ಆಡಬೇಕು. ಅಲ್ಲಿಗೆ ಹತ್ತಿರದ ಒಂದು ಬ್ಯಾಂಕಿನಲ್ಲಿ ನಾನು ಗುಮಾಸ್ತನಾಗಿದ್ದೆ. ಓದಿದ್ದು ಮ್ಯಾಟ್ರಿಕ್. ಕಂಪ್ಯೂಟರ್ ಬರುವ ಮೊದಲಿನ ಮಾತಿದು. ಲೆಜರಿನ ಬಾಕಿ ತಾಳೆಯಾಗದಿದ್ದರೆ ರಾತ್ರಿಯಾದರೂ ಮನೆಗೆ ಹೋಗುವಂತಿರಲಿಲ್ಲ. ವ್ಯತ್ಯಾಸ 9ರಿಂದ ಪೂರ್ತಿ ಭಾಗವಾದರೆ ಅಂಕಿ ಅದಲುಬದಲಾಗಿರಬಹುದು, 54 ಬರೆಯುವಲ್ಲಿ 45 ಬರೆದಿರಬಹುದು ಎಂದು ಹಿರಿಯರು ಕಲಿಸಿದ್ದರು. ಹುಡುಕಿದರೆ ಬಹುಮಟ್ಟಿಗೆ ಸಿಗುತ್ತಿತ್ತು. ಪ್ರತಿ ತಪ್ಪಿಗೂ ಎಲ್ಲೋ ಒಂದು ಪುಟ ಇದ್ದೇ ಇರುತ್ತದೆಂಬ ನಂಬಿಕೆ ನನ್ನಲ್ಲಿ ಬೇರೂರಿದ್ದು ಅಲ್ಲಿಯೇ.

ಒಂದು ದಿನ ಮಗ್ಗದ ಕೆಲಸಗಾರನೊಬ್ಬನ ಹೆಂಡತಿ ಬಂದಳು. ಗಂಡ ತೀರಿಕೊಂಡಿದ್ದ. ಅವನ ಖಾತೆಯಲ್ಲಿದ್ದ ಚೂರುಪಾರು ಹಣ ಆಕೆಗೆ ಸೇರಬೇಕಿತ್ತು. ಹೆಬ್ಬೆಟ್ಟು ಒತ್ತಿ ಶಾಯಿ ಒರೆಸಿಕೊಳ್ಳುತ್ತ, "ಸಾಹೇಬ್ರ, ಅವ್ರು ಯಾರಿಗೂ ಕೆಟ್ಟದ್ದು ಮಾಡ್ಲಿಲ್ರಿ. ಹಿಂಗ್ಯಾಕ ಆತ್ರಿ?" ಎಂದಳು. ನಾನು ಫಾರ್ಮಿನಿಂದ ತಲೆ ಎತ್ತದೆ, "ಹಿಂದಿನ ಜನ್ಮದ ಲೆಕ್ಕ ಇರ್ತದವ್ವಾ" ಎಂದೆ. ಆಕೆ ಮತ್ತೆ ಮಾತಾಡಲಿಲ್ಲ. ಮುಂದೆ ಬಂದಾಗಲೆಲ್ಲ ಆಚೆ ಕೌಂಟರಿನ ಸಾಲಿನಲ್ಲೇ ನಿಂತಳು, ನನ್ನದು ಖಾಲಿ ಇದ್ದರೂ.

ನಿವೃತ್ತನಾದ ಮೇಲೆ ಝೆನ್ ಕಥೆಗಳನ್ನು ಓದಿದೆ. ನಮ್ಮ 'ಧ್ಯಾನ'ವೇ ಚೀನಾದಲ್ಲಿ 'ಚಾನ್', ಜಪಾನಿನಲ್ಲಿ 'ಝೆನ್' ಆಗಿದೆ. 1228ರಲ್ಲಿ ಚೀನಾದ ಗುರು ವುಮೆನ್ ಕೂಡಿಸಿದ 48 ಪ್ರಸಂಗಗಳಲ್ಲಿ ಎರಡನೆಯದು ನನ್ನನ್ನು ಹಿಡಿದು ನಿಲ್ಲಿಸಿತು. ಬೈಝಾಂಗ್ ಎಂಬ ಗುರುವಿನ ಪ್ರವಚನಕ್ಕೆ ಬರುತ್ತಿದ್ದ ಒಬ್ಬ ಮುದುಕ ಹಿಂದೆ ತಾನೂ ಗುರುವಾಗಿದ್ದವನು. ಜ್ಞಾನಿಗೂ ಕರ್ಮಫಲ ತಟ್ಟುವುದೇ ಎಂದು ಶಿಷ್ಯ ಕೇಳಿದಾಗ, ತಟ್ಟದು ಎಂದುಬಿಟ್ಟಿದ್ದ. ಅಷ್ಟಕ್ಕೇ ಐನೂರು ಜನ್ಮ ನರಿಯಾಗಿದ್ದ! ಬೈಝಾಂಗ್ ಅವನಿಗೆ ಹೇಳಿದ್ದರ ಸಾರ, ಜ್ಞಾನಿಯಾದವನು ಕಾರ್ಯಕಾರಣವನ್ನು ಮರೆಮಾಚುವುದಿಲ್ಲ ಎಂಬುದು. ಮುದುಕನಿಗೆ ಬಿಡುಗಡೆಯಾಯಿತು. ಆಗ ಹುವಾಂಗ್‌ಬೋ ಎಂಬ ಶಿಷ್ಯ, ಅವನು ಸರಿಯಾದ ಉತ್ತರ ಕೊಟ್ಟಿದ್ದರೆ ಏನಾಗುತ್ತಿದ್ದ ಎಂದು ಕೇಳಿದ. ಹತ್ತಿರ ಬಾ, ಹೇಳುತ್ತೇನೆ ಎಂದ ಗುರುವಿನ ಕೆನ್ನೆಗೇ ಬಾರಿಸಿದ. ಗುರು ಚಪ್ಪಾಳೆ ತಟ್ಟಿ ನಕ್ಕ. ಇದನ್ನು ತರ್ಕದಿಂದ ಬಿಡಿಸುವುದು ನನ್ನಿಂದಾಗದು, ಬಿಡಿಸಿದವರ ವ್ಯಾಖ್ಯಾನ ಓದಿ ನನಗೆ ನಿದ್ದೆ ಬಂದಿದೆ. ಆದರೆ ಆ ಮುದುಕ ನರಿಯಾದದ್ದು ಕಳವಿಗಲ್ಲ, ಕೊಲೆಗಲ್ಲ. ಕೇಳಿದವನಿಗೆ ಕೊಟ್ಟ ಒಂದು ಉತ್ತರಕ್ಕೆ.

ಇದು ಪರದೇಶದ ಮಾತೆಂದು ತಿಳಿಯಬೇಡಿ. ನಮ್ಮ ಸೊಲ್ಲಾಪುರವೇ ಹನ್ನೆರಡನೆಯ ಶತಮಾನದ ಸೊನ್ನಲಿಗೆ. ಅಲ್ಲಿ ಸಿದ್ಧರಾಮ ಕೆರೆ ಕಟ್ಟಿಸಿದ, ಗುಡಿ ಕಟ್ಟಿಸಿದ. ಅಲ್ಲಿಗೆ ಅಲ್ಲಮಪ್ರಭು ಬಂದು ಅವನ ಬಗ್ಗೆ ಹಗುರವಾಗಿ ಮಾತಾಡಲು ಕೆಲಸದವರು ಸಿಟ್ಟಿಗೆದ್ದು ಕಲ್ಲು ತೂರಿದರೆಂದು ಶೂನ್ಯಸಂಪಾದನೆ ಹೇಳುತ್ತದೆ. ಗುಡಿಗಳನ್ನು ಕಟ್ಟಿಸಿ ತನಗೆಷ್ಟು ಪುಣ್ಯ ಬಂತೆಂದು ಕೇಳಿದ ಚೀನಾದ ವೂ ಚಕ್ರವರ್ತಿಗೆ ಬೋಧಿಧರ್ಮ, ಏನೂ ಇಲ್ಲ ಎಂದನಂತೆ. ಅಲ್ಲಮನ ತಕರಾರೂ ಆ ಜಾತಿಯದೇ. ಕೆರೆ ಒಡೆ ಎನ್ನಲಿಲ್ಲ ಆತ, ನಾನು ಕಟ್ಟಿಸಿದೆ ಎಂಬ ಜಮೆಯನ್ನು ಹೊಡೆದುಹಾಕು ಎಂದ. ಸಿದ್ಧರಾಮ ಅವನ ಜೊತೆ ಕಲ್ಯಾಣಕ್ಕೆ ಹೋದ. ಕೆರೆ ಇಲ್ಲೇ ಉಳಿಯಿತು. ಸಂಕ್ರಾಂತಿಯ ಗಡ್ಡಾ ಜಾತ್ರೆಯಲ್ಲಿ ನಂದಿಕೋಲು 68 ಲಿಂಗಗಳನ್ನು ಸುತ್ತುವುದನ್ನು ನೀವೂ ನೋಡಿದ್ದೀರಿ.

ಪುಣ್ಯದ ಖಾತೆಗೇ ಹೀಗಾದರೆ, ಇನ್ನೊಬ್ಬರ ಪಾಪದ ಖಾತೆ ಬರೆಯಲು ನಾನ್ಯಾರು? ಮರೆಮಾಚಬಾರದೆಂಬ ಮಾತು ಇನ್ನೂ ಚುಚ್ಚುತ್ತದೆ. ಹಿಂದಿನ ಜನ್ಮದ ಕಾರಣ ಹೇಳಿ ನಾನು ಈ ಜನ್ಮದ್ದನ್ನೇ ಮುಚ್ಚಿದೆ. ಹತ್ತಿಯ ದೂಳೋ, ರಾತ್ರಿ ಪಾಳಿಯೋ, ಔಷಧಿಗೆ ದುಡ್ಡಿಲ್ಲದ್ದೋ. ಆತ ಯಾವುದರಿಂದ ಸತ್ತನೆಂದು ನಾನು ಕೇಳಲೇ ಇಲ್ಲ. ಫಾರ್ಮಿನಲ್ಲಿ ಆ ಕಾಲಂ ಇರಲಿಲ್ಲ.