ಮನೆ ಸಾಮಾನು ಸಾಗಿಸುವುದೂ ಒಂದು ಉದ್ಯಮ



ಓದಿದ ಯುವಕರು ನೌಕರಿಗಾಗಿ ವರ್ಷಗಟ್ಟಲೆ ಕಾಯುವುದನ್ನು ನಾವೆಲ್ಲ ನೋಡುತ್ತಿದ್ದೇವೆ. ಇತ್ತ ನಮ್ಮ ನಗರಗಳಲ್ಲಿ ಬಾಡಿಗೆ ಮನೆ ಬದಲಿಸುವವರಿಗೆ ಕೊರತೆಯಿಲ್ಲ. ಅವರ ಸಾಮಾನು ಸಾಗಿಸುವ ಸಣ್ಣ ಉದ್ಯಮದ ಬಗ್ಗೆ ಕೆಲವು ಮಾತು ಹೇಳಬಯಸುತ್ತೇನೆ.

2005ರಲ್ಲಿ ಟಾಟಾ ಏಸ್ ಬಂದ ಮೇಲೆ ಇಕ್ಕಟ್ಟಾದ ಗಲ್ಲಿಗೂ ಹೊಂದುವ ನಾಲ್ಕು ಚಕ್ರದ ಗಾಡಿ ಸಿಕ್ಕಿತು. ಜನ ಅದನ್ನು ‘ಛೋಟಾ ಹಾಥಿ’ ಎಂದರು. ಆದರೆ ಮೊದಲ ದಿನವೇ ಗಾಡಿಗಾಗಿ ಸಾಲ ಮಾಡಬೇಡಿ. ಬಾಡಿಗೆ ಗಾಡಿ, ಇಬ್ಬರು ಹಮಾಲರು, ಹಗ್ಗ, ಟಾರ್ಪಾಲು, ಹಳೆಯ ಕಂಬಳಿ, ರಟ್ಟಿನ ಪೆಟ್ಟಿಗೆಗಳು ಆರಂಭಕ್ಕೆ ಸಾಕು. ಪ್ರತಿ ತಿಂಗಳೂ ಕೆಲಸ ಸಿಗತೊಡಗಿದ ಮೇಲೆ, 2015ರಲ್ಲಿ ಆರಂಭವಾದ ಮುದ್ರಾ ಯೋಜನೆಯಡಿ ಬ್ಯಾಂಕಿನಲ್ಲಿ ಸಾಲ ಕೇಳಬಹುದು.

ಇಲ್ಲಿ ನಿಮ್ಮ ಓದು ಹೇಗೆ ಉಪಯೋಗಕ್ಕೆ ಬರುತ್ತದೆ? ಮೊದಲು ಮನೆಗೆ ಹೋಗಿ ನೋಡಿ. ಬೀರು, ಮಂಚ, ಫ್ರಿಜ್ಜು ಎಷ್ಟಿವೆ, ಎಷ್ಟನೇ ಮಹಡಿ, ಲಿಫ್ಟ್ ಇದೆಯೇ, ಗಾಡಿ ಬಾಗಿಲವರೆಗೆ ಬರುತ್ತದೆಯೇ ಎಂಬುದನ್ನೆಲ್ಲ ಬರೆದುಕೊಂಡು ದರ ಹೇಳಿ. ಮೊದಲೇ ಇದ್ದ ಗೀರು, ಬಿರುಕುಗಳನ್ನೂ ನಮೂದಿಸಿ, ಪಟ್ಟಿಗೆ ಮನೆಯವರ ಸಹಿ ಪಡೆಯಿರಿ. ಪೆಟ್ಟಿಗೆಗಳಿಗೆ ಸಂಖ್ಯೆ ಹಾಕಿ. ಒಡವೆ, ಹಣ, ದಾಖಲೆಪತ್ರಗಳು ಮನೆಯವರ ಬಳಿಯೇ ಇರಲಿ. ಒಪ್ಪಿದ ದರ ಬಿಟ್ಟು, ದಾರಿಯಲ್ಲಿ ಗಾಡಿ ನಿಲ್ಲಿಸಿ ಹೆಚ್ಚು ಹಣ ಕೇಳುವವರಿಂದಲೇ ಈ ವೃತ್ತಿಗೆ ಕೆಟ್ಟ ಹೆಸರು ಬಂದಿದೆ.

ಹಮಾಲರ ಕೂಲಿಯನ್ನು ಅಂದೇ ಕೊಡಿ. ನುರಿತ ಕೈಗಳು ಉಳಿದರೆ ಮಾತ್ರ ಉದ್ಯಮ ಬೆಳೆಯುತ್ತದೆ. ಮನೆಖರ್ಚು ಮತ್ತು ವ್ಯಾಪಾರದ ಲೆಕ್ಕ ಬೇರೆ ಬೇರೆ ಇಡಿ.

ಒಂದು ಕುಟುಂಬ ತನ್ನ ಇಡೀ ಸಂಸಾರವನ್ನೇ ನಿಮ್ಮ ಕೈಗೆ ಒಪ್ಪಿಸುತ್ತದೆ. ಅದು ಸುರಕ್ಷಿತವಾಗಿ ತಲುಪಿದರೆ ಮುಂದಿನ ಗಿರಾಕಿಯನ್ನು ಅವರೇ ಕಳುಹಿಸುತ್ತಾರೆ. ಪದವೀಧರರು ಹೊರೆ ಹೊರಲು ನಾಚಬೇಕಿಲ್ಲ. ಮಾತು ತಪ್ಪಲು ನಾಚಬೇಕು.