ಮೊಬೈಲ್ ಗುಂಪಿನಲ್ಲಿ ರೈತ ಏನು ಮಾತಾಡಬೇಕು?

(ತಾಲ್ಲೂಕು ಮಟ್ಟದ ರೈತರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ)



ಬೆಲೆ ಮತ್ತು ಸಾಲದ ವಿಚಾರಕ್ಕೆ ಸೇರಿದ ಸಭೆಯಲ್ಲಿ ಮೊಬೈಲಿನ ಮಾತು ಯಾಕೆ ಅಂತ ಕೆಲವರಿಗೆ ಅನ್ನಿಸಬಹುದು. ಇವತ್ತು ಪೇಟೆಯಲ್ಲಿ ಧಾರಣೆ ಎಷ್ಟು ಅನ್ನುವ ಸುದ್ದಿ ನಮಗೆ ಮೊದಲು ಬರೋದು ಮೊಬೈಲಿನಿಂದ. ಸಾಲ ಬೇಕೇ ಅಂತ ಕೇಳಿಕೊಂಡು ಬರುವವನೂ ಅದರೊಳಗಿಂದಲೇ ಬರ್ತಾನೆ. ಬೆಲೆ, ಸಾಲ ಎರಡೂ ಅದರೊಳಗೆ ಹೊಕ್ಕಿರುವಾಗ ಅದನ್ನು ಹುಡುಗರ ಆಟಿಕೆ ಅಂತ ತಳ್ಳಿಹಾಕಿ ಕೂರುವ ಹಾಗಿಲ್ಲ.

ನಮ್ಮಲ್ಲಿ ಬಹುಪಾಲು ಜನ ಮೂರು ನಾಲ್ಕು ವಾಟ್ಸಾಪ್ ಗುಂಪುಗಳಲ್ಲಿ ಇದ್ದೀವಿ. ಊರಿನದೊಂದು, ಬೆಳೆಯದೊಂದು, ಜಾತಿಯದೊಂದು, ಪಕ್ಷದ್ದೊಂದು. ಬೆಳಿಗ್ಗೆ ಎದ್ದು ನೋಡಿದರೆ ಹೂವಿನ ಚಿತ್ರ, ದೇವರ ಚಿತ್ರ, ಯಾರೋ ಮುಖಂಡರ ಹುಟ್ಟುಹಬ್ಬದ ಚಿತ್ರ. ಇವುಗಳ ನಡುವೆ ಎಲ್ಲೋ ಒಂದು ಕಡೆ ಈರುಳ್ಳಿ ಧಾರಣೆ ಸಿಕ್ಕಿಹಾಕಿಕೊಂಡಿರ್ತದೆ. ಒಂದು ಗುಂಪಿಗೆ ಈಗ 1024 ಜನರನ್ನು ಸೇರಿಸಬಹುದು. ಸಾವಿರ ಜನ ಒಂದೇ ಅರಳಿಕಟ್ಟೆ ಹತ್ತಿದರೆ ಅಲ್ಲಿ ಮಾತುಕತೆ ನಡೀತದೆಯೇ? ಸಂತೆ ಗದ್ದಲ ಆಗ್ತದೆ, ಅಷ್ಟೆ.

ನಾನು ಇವತ್ತು ಹೇಳಬೇಕಾದ್ದು ಇಷ್ಟು. ರೈತನಿಗೆ ಉಪಯೋಗಕ್ಕೆ ಬರುವುದು ಸಣ್ಣ ಗುಂಪು. ಒಬ್ಬರ ಮುಖ ಒಬ್ಬರಿಗೆ ಗೊತ್ತಿರುವ, ಒಂದೇ ಮಾರುಕಟ್ಟೆಗೆ ಮಾಲು ಹಾಕುವ ಇಪ್ಪತ್ತು ಮೂವತ್ತು ಜನರ ಗುಂಪು. ಅಲ್ಲಿ ಆಡಬೇಕಾದ ಮಾತು ಎರಡು. ಒಂದು, ಕೈಗೆ ಬಂದ ಬೆಲೆ. ಇನ್ನೊಂದು, ತಲೆ ಮೇಲಿರುವ ಸಾಲ.

ಇದು ಮೊದಲು ಬೋರ್ಡೇ ಆಗಿತ್ತು

ದೂರದಲ್ಲಿರುವವರು ಯಂತ್ರದ ಮೂಲಕ ಒಂದು ಕಡೆ ಸೇರಿ ಮಾತಾಡುವುದು ನಿನ್ನೆ ಮೊನ್ನೆ ಹುಟ್ಟಿದ್ದಲ್ಲ. 1978ರ ಜನವರಿಯಲ್ಲಿ ಅಮೆರಿಕದ ಷಿಕಾಗೋದಲ್ಲಿ ಭಾರಿ ಹಿಮ ಬಿದ್ದು ಜನ ಮನೆ ಬಿಟ್ಟು ಹೊರಡುವಂತಿರಲಿಲ್ಲ. ಆಗ ವಾರ್ಡ್ ಕ್ರಿಸ್ಟೆನ್‌ಸೆನ್, ರ‍್ಯಾಂಡಿ ಸೂಸ್ ಎಂಬ ಇಬ್ಬರು ಗೆಳೆಯರು ಒಂದು ಕಂಪ್ಯೂಟರಿಗೆ ಟೆಲಿಫೋನ್ ತಂತಿ ಜೋಡಿಸುವ ಕೆಲಸಕ್ಕೆ ಕೈ ಹಾಕಿದರು. ಫೆಬ್ರುವರಿಯಲ್ಲಿ ಅದು ಜನಕ್ಕೆ ತೆರೆಯಿತು. ಅದಕ್ಕೆ ಅವರು ಕೊಟ್ಟ ಹೆಸರೇ ಸೂಚನಾ ಫಲಕ. ನಮ್ಮ ಸೊಸೈಟಿ ಗೋಡೆ ಮೇಲೆ ಗೊಬ್ಬರ ಬಂದಿದೆ ಅಂತ ಚೀಟಿ ಅಂಟಿಸ್ತೀವಲ್ಲ, ಹಾಗೆಯೇ. ಇದ್ದದ್ದು ಒಂದೇ ಫೋನು. ಒಬ್ಬ ಓದಿ, ಬರೆದು ಇಟ್ಟ ಮೇಲೆ ಇನ್ನೊಬ್ಬನ ಸರದಿ. ತನಗೆ ಗೊತ್ತಿದ್ದನ್ನು ಬರೆದು, ಗೊತ್ತಿಲ್ಲದ್ದನ್ನು ಕೇಳಿ ಹೋಗಬೇಕಾಗಿತ್ತು.

ನಮ್ಮ ಕಡೆಯೂ ಇದಕ್ಕೆ ಹತ್ತಿರದ ಕೆಲಸ ಕಾಗದದ ಮೇಲೆ ನಡೆದಿದೆ. 1988ರಲ್ಲಿ ಪುತ್ತೂರಿನಲ್ಲಿ ಶುರುವಾದ 'ಅಡಿಕೆ ಪತ್ರಿಕೆ' ಕೃಷಿಕನ ಕೈಗೇ ಲೇಖನಿ ಕೊಡಬೇಕು ಅನ್ನುವ ಹಾದಿ ಹಿಡಿಯಿತು. ತೋಟ ಮಾಡಿದವನೇ ತೋಟದ ವಿಷಯ ಬರೀಬೇಕು. ಮಾಡಿದವನು ಯಾರು, ಎಲ್ಲಿಯವನು ಅನ್ನುವುದು ಓದುವವನಿಗೆ ಗೊತ್ತಾಗಬೇಕು.

ಇವೆರಡರಲ್ಲಿ ಇದ್ದದ್ದು, ಈಗಿನ ದೊಡ್ಡ ಗುಂಪುಗಳಲ್ಲಿ ಇಲ್ಲದ್ದು ಯಾವುದು? ಹೇಳಿದವನ ಹೊಣೆ. ಹೇಳಿದವನೇ ಗೊತ್ತಿಲ್ಲದ ಸುದ್ದಿಯನ್ನು ಒಂದು ಬೆರಳಿನಿಂದ ತಳ್ಳಿ ಸಾವಿರ ಮನೆಗೆ ಮುಟ್ಟಿಸುವ ಅನುಕೂಲ ಬಂದ ಮೇಲೆ ಏನಾಯಿತು ಅನ್ನುವುದಕ್ಕೆ ನಮ್ಮ ರಾಜ್ಯದ್ದೇ ಸಾಕ್ಷಿ ಇದೆ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಗೆ ಬಂದಿದ್ದ ಹೈದರಾಬಾದಿನ ಯುವಕರು ದಾರಿಯಲ್ಲಿ ಮಕ್ಕಳಿಗೆ ಚಾಕಲೇಟು ಕೊಟ್ಟರು. 'ಮಕ್ಕಳ ಕಳ್ಳರು ಬರ್ತಿದ್ದಾರೆ' ಅನ್ನುವ ಸುದ್ದಿ ಅವರ ಕಾರಿಗಿಂತ ಮುಂಚೆ ವಾಟ್ಸಾಪಿನಲ್ಲಿ ಮುರ್ಕಿ ಎಂಬ ಊರು ಮುಟ್ಟಿತು. ಜನ ಅಡ್ಡಗಟ್ಟಿ ಬಡಿದರು. ಒಬ್ಬ ಪ್ರಾಣ ಬಿಟ್ಟ. ಬಡಿದವರು ಹಳ್ಳಿಯವರು, ನಮ್ಮಂಥವರೇ. ದೇಶದಲ್ಲಿ ಇಂಥ ಕೊಲೆಗಳು ಸಾಲಾಗಿ ನಡೆದ ಮೇಲೆ ಕಂಪನಿಯವರು ಅದೇ ತಿಂಗಳು ನಮ್ಮ ದೇಶದಲ್ಲಿ ಒಂದು ಸಂದೇಶವನ್ನು ಒಂದು ಸಲಕ್ಕೆ ಐದು ಕಡೆಗೆ ಮಾತ್ರ ಕಳಿಸಬಹುದು ಅಂತ ಕಟ್ಟು ಹಾಕಿದರು. ಕಟ್ಟು ಅವರು ಹಾಕಿದ್ದು ಸಾಲದು, ನಾವೂ ಹಾಕಿಕೊಳ್ಳಬೇಕು. ಮಾರುಕಟ್ಟೆಯಲ್ಲಿ 'ನಾಳೆ ಧಾರಣೆ ಬಿದ್ದುಹೋಗ್ತದಂತೆ' ಅನ್ನುವ ಗಾಳಿಸುದ್ದಿಯೂ ಇದೇ ಜಾತಿಯದು. ಅದು ಪ್ರಾಣ ತೆಗೆಯದೆ ಇರಬಹುದು, ಆದರೆ ಒಂದು ವರ್ಷದ ಬೆಳೆಯನ್ನು ಒಂದೇ ರಾತ್ರಿಯಲ್ಲಿ ಮಂಡಿಗೆ ಸುರಿಸಿಬಿಡ್ತದೆ.

ಕೇರಳದ ದೋಣಿಯೂ ನಮ್ಮ ಗಾಡಿಯೂ

ಬೆಲೆಯ ವಿಚಾರಕ್ಕೆ ಬರೋಣ. ಫೋನಿನಿಂದ ಬೆಳೆದವನಿಗೆ ಲಾಭ ಆಗ್ತದೆಯೇ ಇಲ್ಲವೇ ಅನ್ನುವುದನ್ನು ಲೆಕ್ಕ ಹಾಕಿ ನೋಡಿದವರಿದ್ದಾರೆ. ಕೇರಳದ ಕರಾವಳಿಗೆ ಮೊಬೈಲ್ ಬಂದದ್ದು ಹಂತ ಹಂತವಾಗಿ. 1997ರಲ್ಲಿ ಕೋಯಿಕ್ಕೋಡ್, 1998ರಲ್ಲಿ ಕಣ್ಣೂರು, 2000ದಲ್ಲಿ ನಮ್ಮ ಮಗ್ಗುಲಿನ ಕಾಸರಗೋಡು. ರಾಬರ್ಟ್ ಜೆನ್ಸನ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞರು ಅಲ್ಲಿನ 15 ದಡಗಳಲ್ಲಿ ಬೂತಾಯಿ ಮೀನಿನ ವ್ಯಾಪಾರವನ್ನು ವಾರ ವಾರವೂ ಬರೆಸಿ, 2007ರಲ್ಲಿ ಪ್ರಕಟಿಸಿದರು. ಫೋನ್ ಇಲ್ಲದಾಗ ದೋಣಿಯವನು ತನ್ನ ದಡಕ್ಕೇ ಬರಬೇಕು. ಅಲ್ಲಿ ಕೊಳ್ಳುವವನಿಲ್ಲದಿದ್ದರೆ ಮೀನು ಸಮುದ್ರಕ್ಕೆ ಚೆಲ್ಲಬೇಕು. ಹತ್ತಿರದ ಇನ್ನೊಂದು ದಡದಲ್ಲಿ ಕೊಳ್ಳುವವರು ಬರಿಗೈಲಿ ಹೋಗ್ತಿದ್ದರು. ಹಿಡಿದ ಮೀನಿನಲ್ಲಿ ನೂರಕ್ಕೆ 5ರಿಂದ 8 ಪಾಲು ಹೀಗೆ ಹಾಳಾಗ್ತಿತ್ತು. ಫೋನ್ ಬಂದ ಮೇಲೆ ದೋಣಿಯಿಂದಲೇ ಕೇಳಿ, ಕೊಳ್ಳುವವನಿದ್ದ ದಡಕ್ಕೆ ತಿರುಗಿಸಿದರು. ಹಾಳಾಗುವುದು ಹೆಚ್ಚುಕಡಿಮೆ ನಿಂತಿತು. ಮೀನುಗಾರನ ಲಾಭ ನೂರಕ್ಕೆ 8ರಷ್ಟು ಏರಿತು, ತಿನ್ನುವವನಿಗೆ ನೂರಕ್ಕೆ 4ರಷ್ಟು ಅಗ್ಗವಾಯಿತು.

ಇದನ್ನು ಕೇಳಿ 'ನಮಗೂ ಫೋನಿದೆ, ನಮಗ್ಯಾಕೆ ಹಾಗಾಗಲಿಲ್ಲ?' ಅಂತ ಕೇಳಬೇಕಾದ್ದು ನ್ಯಾಯ. ಅವರ ದೋಣಿ ತಿರುಗುವ ದೋಣಿ. ನಮ್ಮ ಗಾಡಿಯ ಮೂಗುದಾರ ಬೇರೆಯವರ ಕೈಲಿದೆ. ಬಿತ್ತನೆ ಕಾಲದಲ್ಲಿ ಮಂಡಿಯಿಂದ ಮುಂಗಡ ತಂದವನು ಇನ್ನೊಂದು ಮಂಡಿಯಲ್ಲಿ ನೂರು ರೂಪಾಯಿ ಹೆಚ್ಚಿದೆ ಅಂತ ಗೊತ್ತಾದರೂ ಅಲ್ಲಿಗೆ ಹೋಗಲಾರ. ಹೀಗಾಗಿ ಬೆಲೆಯ ಮಾತು ಆಡುವಾಗ ಸಾಲದ ಮಾತನ್ನು ಬಿಟ್ಟರೆ ಅದು ಬರೀ ಕಾಲಹರಣ.

ಇನ್ನೊಂದು ಮೋಸ ಬೆಲೆಯೊಳಗೇ ಇದೆ. ಸರ್ಕಾರದ ಮಾರಾಟ ಇಲಾಖೆ ಪ್ರಕಟಿಸುವ ಧಾರಣೆಯಲ್ಲಿ ಕನಿಷ್ಠ, ಗರಿಷ್ಠ, ಹೆಚ್ಚು ಮಾಲು ಮಾರಿದ ದರ ಅಂತ ಮೂರು ಇರ್ತವೆ. ಗುಂಪುಗಳಲ್ಲಿ ಹಾರಾಡುವುದು ಗರಿಷ್ಠ ಒಂದೇ. ಅದು ಯಾರದೋ ಎರಡು ಚೀಲ ಆಯ್ದ ಮಾಲಿಗೆ ಬಿದ್ದ ಬೆಲೆ ಇರಬಹುದು. ಅದನ್ನು ನೋಡಿ ಬಾಡಿಗೆ ಕೊಟ್ಟು ಮಾಲು ಹೊತ್ತುಕೊಂಡು ಹೋದ ಮೇಲೆ ವಾಪಸು ತರುವ ತ್ರಾಣ ಯಾರಿಗಿದೆ?

ಲೆಕ್ಕಕ್ಕಾಗಿ ಒಂದು ಉದಾಹರಣೆ ಇಟ್ಟುಕೊಳ್ಳಿ. 10 ಕ್ವಿಂಟಾಲ್ ಜೋಳ, 50 ಕೆ.ಜಿ.ಯ 20 ಚೀಲ. ಬೋರ್ಡಿನ ಧಾರಣೆ ಕ್ವಿಂಟಾಲಿಗೆ 2200, ಒಟ್ಟು 22,000. ಚೀಲಕ್ಕೆ ಒಂದು ಕೆ.ಜಿ. ಸೂಟು ಅಂತ ಹಿಡಿದರೆ 440 ಹೋಯಿತು. ಹಮಾಲಿ ಚೀಲಕ್ಕೆ 20ರಂತೆ 400. ಟೆಂಪೋ ಬಾಡಿಗೆ 1500. 'ನಗದು ಬೇಕಾದರೆ ನೂರಕ್ಕೆ ಎರಡು' ಅಂತ 440. ಕೈಗೆ ಬಂದದ್ದು 19,220. ಅಂದರೆ ಕ್ವಿಂಟಾಲಿಗೆ 1922. ಗುಂಪಿನಲ್ಲಿ ನಾವು 2200 ಅಂತ ಬರೀತೀವಿ, ಮನೆಗೆ ತರೋದು 1922. ಆ 278 ರೂಪಾಯಿ ಎಲ್ಲಿ ಹೋಯಿತು ಅಂತ ಯಾವ ಗುಂಪೂ ಕೇಳೋದಿಲ್ಲ. ನಮ್ಮ ರಾಜ್ಯದ ಕಾಯಿದೆಯಂತೆ ದಲ್ಲಾಳಿ ಕಮಿಷನ್ ಕೊಡಬೇಕಾದವನು ಕೊಳ್ಳುವವನೇ ಹೊರತು ರೈತನಲ್ಲ. ಹಾಗಿದ್ದೂ ಬೇರೆ ಬೇರೆ ಹೆಸರಿನಲ್ಲಿ ಕಡಿತ ಆಗ್ತದೆ. ಬಿಳಿಚೀಟಿಯಲ್ಲಿ ಬರೆದುಕೊಟ್ಟರೆ ಕೇಳುವ ದಾರಿಯೂ ಇಲ್ಲ.

ಸಣ್ಣ ಗುಂಪಿನ ಕೆಲಸ ಶುರುವಾಗಬೇಕಾದ್ದು ಇಲ್ಲಿಂದ. ಮಾರಿ ಬಂದವನು ಅದೇ ಸಂಜೆ ತನ್ನ ಲೆಕ್ಕಪಟ್ಟಿಯ ಫೋಟೋ ಗುಂಪಿಗೆ ಹಾಕಲಿ. ಮೂವತ್ತು ಜನ ಒಂದು ಸುಗ್ಗಿ ಹಾಕಿದರೆ, ಯಾವ ಅಂಗಡಿಯಲ್ಲಿ ತೂಕ ಸರಿ, ಯಾರು ಸೂಟು ಹಿಡೀತಾರೆ, ಯಾರು ಎಂಟು ದಿನ ಸತಾಯಿಸ್ತಾರೆ ಅನ್ನುವುದು ಯಾರೂ ಭಾಷಣ ಮಾಡದೆ ಎದ್ದು ಕಾಣ್ತದೆ. ಸಾವಿರ ಜನರ ಗುಂಪಿನಲ್ಲಿ ಇದನ್ನು ಹಾಕೋದಕ್ಕೆ ಆಗೋದಿಲ್ಲ. ಅಲ್ಲಿ ವ್ಯಾಪಾರಿಯ ಗುಮಾಸ್ತನೂ ಇರ್ತಾನೆ, ಸಾಲ ಕೊಟ್ಟವನೂ ಇರ್ತಾನೆ.

ಸಾಲದ ಮಾತು ಆಡುವ ಧೈರ್ಯ

ಎರಡನೆಯ ವಿಷಯ ಇನ್ನೂ ಗಂಭೀರ. ಮೊಬೈಲಿನಲ್ಲಿ ಹತ್ತು ನಿಮಿಷಕ್ಕೆ ಸಾಲ ಕೊಡುವ ಆ್ಯಪುಗಳು ಹಳ್ಳಿಗೆ ಬಂದಿವೆ. ಪಹಣಿ ಬೇಡ, ಜಾಮೀನು ಬೇಡ. ರಿಸರ್ವ್ ಬ್ಯಾಂಕಿನ ಸಮಿತಿಯೊಂದು 2021ರಲ್ಲಿ ಎಣಿಸಿದಾಗ ಸಾಲದ ಆ್ಯಪುಗಳು ಸುಮಾರು 1100 ಸಿಕ್ಕವು. ಅವುಗಳಲ್ಲಿ ಸುಮಾರು 600 ಕಾನೂನುಬಾಹಿರ. ಇಂಥ ಕಳ್ಳ ಆ್ಯಪುಗಳ ವರಸೆ ಹೇಗೆ ಅಂದರೆ, 5000 ಸಾಲ ಅಂತ ತೋರಿಸಿ, ಶುಲ್ಕ ಅಂತ ಹಿಡಿದು 3500 ಕೊಟ್ಟು, ಏಳು ದಿನಕ್ಕೆ 5000 ಕೇಳೋದು. ನೂರಕ್ಕೆ ವಾರಕ್ಕೆ 43 ರೂಪಾಯಿ ಬಡ್ಡಿ ಆಯಿತು. ಹಳೇ ಕಾಲದ ಸಾಹುಕಾರ ಇಷ್ಟು ಕೇಳುವುದಕ್ಕೆ ನಾಚಿಕೊಳ್ತಿದ್ದ.

ಅವರ ಹತ್ತಿರ ಅಡವು ಇರೋದು ನಮ್ಮ ಜಮೀನಲ್ಲ, ನಮ್ಮ ಮಾನ. ಆ್ಯಪು ಹಾಕಿಕೊಂಡ ಗಳಿಗೆಯಲ್ಲೇ ಫೋನಿನಲ್ಲಿರುವ ಎಲ್ಲ ನಂಬರು, ಫೋಟೋ ಎಳೆದುಕೊಂಡಿರ್ತಾರೆ. ಕಂತು ತಪ್ಪಿದರೆ ಬೀಗರಿಗೆ, ಮಗಳ ಅತ್ತೆಮನೆಗೆ, ಮೇಷ್ಟರಿಗೆ ಫೋನ್ ಮಾಡಿ 'ಇವನು ಕಳ್ಳ' ಅಂತಾರೆ. ಫೋಟೋ ತಿದ್ದಿ ಅಸಹ್ಯ ಮಾಡಿ ಕಳಿಸ್ತಾರೆ. ಹೆದರಿದವನು ಒಂದು ತೀರಿಸಲು ಇನ್ನೊಂದು ತಗೊಳ್ತಾನೆ. ಕೊನೆಗೆ ಯಾರಿಗೂ ಹೇಳಲಾರದೆ ಜೀವ ಕಳಕೊಂಡವರಿದ್ದಾರೆ.

ಇಲ್ಲಿ ಕಾನೂನು ರೈತನ ಪಕ್ಕದಲ್ಲಿದೆ ಅನ್ನುವುದನ್ನು ತಿಳಿದುಕೊಳ್ಳಿ. ರಿಸರ್ವ್ ಬ್ಯಾಂಕು 2022ರಲ್ಲಿ ಮಾಡಿದ ನಿಯಮದಂತೆ ಸಾಲದ ಆ್ಯಪು ನಮ್ಮ ನಂಬರುಗಳ ಪಟ್ಟಿಗೆ ಕೈ ಹಾಕುವಂತಿಲ್ಲ. ಸಾಲದ ಹಣ ಬ್ಯಾಂಕು ಅಥವಾ ನೋಂದಾಯಿತ ಹಣಕಾಸು ಸಂಸ್ಥೆಯಿಂದ ನೇರ ನಮ್ಮ ಖಾತೆಗೆ ಬರಬೇಕು. 2025ರಲ್ಲಿ ಕರ್ನಾಟಕ ಸರ್ಕಾರ ಕಿರುಸಾಲ ವಸೂಲಿಯ ದಬ್ಬಾಳಿಕೆ ತಡೆಯಲು ಕಾಯಿದೆ ತಂದಿದೆ. 10 ವರ್ಷದವರೆಗೆ ಜೈಲು ಶಿಕ್ಷೆ ಇದೆ. ಆನ್‌ಲೈನ್ ಮೋಸಕ್ಕೆ 1930 ನಂಬರಿಗೆ ತಕ್ಷಣ ದೂರು ಕೊಡಬಹುದು.

ಆದರೆ ದೂರು ಕೊಡಬೇಕಾದರೆ ಮೊದಲು ಬಾಯಿ ಬಿಡಬೇಕು. 'ನನಗೆ ಹೀಗಾಗಿದೆ' ಅಂತ ಒಬ್ಬ ಮನುಷ್ಯ ಎಲ್ಲಿ ಹೇಳ್ತಾನೆ? ಸಾವಿರ ಜನರ ಮುಂದೆ ಹೇಳೋದಿಲ್ಲ. ಮನೆಯವರಿಗೂ ಹೇಳೋದಿಲ್ಲ. ತನ್ನ ಹಾಗೇ ಸಾಲ ಇರುವ, ನಾಳೆ ಹೊಲದ ಬದುವಿನ ಮೇಲೆ ಸಿಗುವ ಹತ್ತಿಪ್ಪತ್ತು ಜನರ ಮುಂದೆ ಹೇಳಿದರೂ ಹೇಳಿಯಾನು. ಹಾಗೆ ಹೇಳಿದವನಿಗೆ 'ಯಾಕಪ್ಪ ತಗೊಂಡೆ' ಅಂತ ಬುದ್ಧಿ ಹೇಳೋದನ್ನು ಆಮೇಲೆ ಇಟ್ಟುಕೊಳ್ಳಿ. ಮೊದಲು ಇಬ್ಬರು ಎದ್ದು ಅವನ ಮನೆಗೆ ಹೋಗಿ. ಅವನ ಜೊತೆ ಠಾಣೆಗೆ ಹೋಗಿ. ಊರಿನ ಎಲ್ಲರಿಗೂ ವಿಷಯ ಗೊತ್ತಿದೆ, ಎಲ್ಲರೂ ಅವನ ಪರ ಇದ್ದಾರೆ ಅಂದಮೇಲೆ ಬೆದರಿಸುವವನ ಹತ್ತಿರ ಅಡವು ಏನು ಉಳೀತು?

ಮತ್ತೆ, ಸಂಘದ ಸಾಲ ಬಹಳಷ್ಟು ಇರೋದು ಹೆಂಗಸರ ಹೆಸರಿನಲ್ಲಿ. ಗುಂಪಿನಲ್ಲಿ ಇರೋದು ಬರೀ ಗಂಡಸರು. ಕಂತು ಕಟ್ಟುವವರು ಇಲ್ಲದೆ ಸಾಲದ ಮಾತು ಹೇಗೆ ಆಡ್ತೀರಿ? ಅವರನ್ನೂ ಸೇರಿಸಿ, ಅವರು ಬೇಕೆಂದರೆ ಅವರದೇ ಗುಂಪು ಮಾಡಿಕೊಳ್ಳಲಿ.

ನಾವು ಅಲ್ಲಿ ಗೇಣಿದಾರರು

ಕೊನೆಯದಾಗಿ ಒಂದು ಎಚ್ಚರಿಕೆ. ವಾಟ್ಸಾಪಿನ ನೆಲ ನಮ್ಮದಲ್ಲ. 2014ರಿಂದ ಅದು ಫೇಸ್‌ಬುಕ್ಕಿನವರ ಸ್ವತ್ತು. ಪಹಣಿಯಲ್ಲಿ ನಮ್ಮ ಹೆಸರಿಲ್ಲ. 2021ರ ಅಕ್ಟೋಬರ್ 4ರಂದು ಅವರ ಯಂತ್ರ ಕೆಟ್ಟು ಲೋಕವೆಲ್ಲ ಸುಮಾರು ಆರು ಗಂಟೆ ವಾಟ್ಸಾಪ್ ನಿಂತಿತ್ತು. ಅದೇ ವರ್ಷದ ಜನವರಿ ಕೊನೆಯಲ್ಲಿ ದಿಲ್ಲಿಯ ಸಿಂಘು, ಟಿಕ್ರಿ, ಗಾಜಿಪುರ ಗಡಿಗಳಲ್ಲಿ ರೈತರು ಕೂತಿದ್ದಾಗ ಅಲ್ಲಿನ ಇಂಟರ್‌ನೆಟ್ಟನ್ನೇ ಸರ್ಕಾರ ನಿಲ್ಲಿಸಿತು. ಆದರೂ ಕೂತವರು ಎದ್ದು ಹೋಗಲಿಲ್ಲ. ಅವರ ಹತ್ತಿರ ಟ್ರಾಲಿ ಟ್ರಾಲಿಗೆ ಹಂಚುವ 'ಟ್ರಾಲಿ ಟೈಮ್ಸ್' ಅನ್ನುವ ಕಾಗದದ ಪತ್ರಿಕೆ ಇತ್ತು, ಮುಖಾಮುಖಿ ಸಭೆ ಇತ್ತು. ಫೋನು ನಿಂತರೂ ನಿಲ್ಲದ ಗುಂಪೇ ಗುಂಪು.

ಆದ್ದರಿಂದ ಮಾಡಬೇಕಾದ್ದು ಹೇಳಿ ಮುಗಿಸ್ತೀನಿ. ಒಂದು ಊರು ಅಥವಾ ಒಂದು ಬೆಳೆಗೆ ಮೂವತ್ತು ಮೀರದ ಗುಂಪು ಮಾಡಿ. ಸೇರುವವನನ್ನು ಇಬ್ಬರಾದರೂ ಕಣ್ಣಾರೆ ಬಲ್ಲವರಾಗಿರಬೇಕು. ಬೆಲೆ ಬರೆಯುವವನು ಮಾರುಕಟ್ಟೆ, ತಾರೀಖು, ಮಾಲಿನ ದರ್ಜೆ, ಕೈಗೆ ಬಂದ ಹಣ ನಾಲ್ಕನ್ನೂ ಬರೀಬೇಕು. ತಾನು ಕಂಡದ್ದಲ್ಲದ ಸುದ್ದಿ ತಳ್ಳಬಾರದು. ಓದಲು ಬಾರದ ಹಿರಿಯರಿದ್ದರೆ ಬಾಯಲ್ಲೇ ಹೇಳಿ ಕಳಿಸಲಿ. ಲೆಕ್ಕಪಟ್ಟಿಗಳನ್ನೂ ಎಲ್ಲರ ನಂಬರನ್ನೂ ಒಬ್ಬರು ನೋಟ್ ಬುಕ್ಕಿನಲ್ಲಿ ಬರೆದಿಡಲಿ. ತಿಂಗಳಿಗೊಮ್ಮೆ ಆ ಪುಸ್ತಕ ಹಿಡಿದು ಕಟ್ಟೆ ಮೇಲೆ ಕೂತು ಓದಿ. ಎರಡು ಲೋಡು ಒಟ್ಟಿಗೆ ಹೋಗುವ ಹಾಗಿದ್ದರೆ ಒಂದೇ ಲಾರಿ ಮಾಡಿ.

ಈ ಸುಗ್ಗಿಯ ಮೊದಲ ಪಟ್ಟಿ ಯಾರ ಕೈಗೆ ಬರ್ತದೋ ಅವರಿಂದಲೇ ಶುರುವಾಗಲಿ. ಮುಂದಿನ ಸಭೆಗೆ ಬರುವಾಗ ನೋಟ್ ಬುಕ್ಕು ತನ್ನಿ, ಲೆಕ್ಕ ಕೂಡಿಸೋಣ.