ಎರಡು ವಿನಾಯಿತಿಗಳು



ಯಹೂದಿಗಳ ಸಾಮೂಹಿಕ ಪ್ರಾರ್ಥನೆ ವಿಧಿವತ್ತಾಗಿ ನಡೆಯಬೇಕಾದರೆ ಕನಿಷ್ಠ ಹತ್ತು ಮಂದಿ ವಯಸ್ಕರು ಸೇರಿರಬೇಕು. ಇದಕ್ಕೆ ‘ಮಿನ್ಯಾನ್’ ಎಂದು ಹೆಸರು. ಎಣಿಕೆ ಎಂಬುದು ಆ ಪದದ ಮೂಲಾರ್ಥ. ಸಂಪ್ರದಾಯಸ್ಥರು ಗಂಡಸರನ್ನಷ್ಟೇ ಎಣಿಸುತ್ತಾರೆ, ಉದಾರವಾದಿ ಪಂಥಗಳು ಹೆಂಗಸರನ್ನೂ ಎಣಿಸುತ್ತವೆ. ಒಂಬತ್ತು ಮಂದಿ ಮಹಾಪಂಡಿತರು ನೆರೆದಿದ್ದರೂ ಹತ್ತನೆಯವರಿಗಾಗಿ ಕಾಯಲೇಬೇಕು. ಆ ಹತ್ತನೆಯವರು ಕಿವಿ ಕೇಳದ, ಮಾತು ಬಾರದ ವ್ಯಕ್ತಿಯಾಗಿದ್ದರೆ ಅವರನ್ನು ಎಣಿಸಬಹುದೆ? ಇಂದಿನ ನನ್ನ ಮಾತು ಈ ಪ್ರಶ್ನೆಯ ಸುತ್ತ. ಕನ್ನಡಿಗರ ಸಭೆಯಲ್ಲಿ ಇದೇಕೆ ಎಂಬುದನ್ನು ಕೊನೆಗೆ ಹೇಳುತ್ತೇನೆ.

ಯಹೂದಿ ಪರಂಪರೆ ಈ ವಿಷಯದಲ್ಲಿ ಎರಡು ದನಿಗಳಲ್ಲಿ ಮಾತನಾಡಿದೆ. ಕಿವುಡರನ್ನು ಶಪಿಸಬಾರದು, ಕುರುಡರ ದಾರಿಗೆ ಅಡ್ಡಿಯೊಡ್ಡಬಾರದು ಎಂದು ತೋರಾ ವಿಧಿಸುತ್ತದೆ. ಆದರೆ ದೇಹದಲ್ಲಿ ಊನವಿರುವ ಪುರೋಹಿತ ಬಲಿಪೀಠದ ಸೇವೆ ಮಾಡಕೂಡದೆಂದೂ ಅದೇ ತೋರಾ ಹೇಳುತ್ತದೆ. ಮುಂದೆ ಬಂದ ತಾಲ್ಮುದ್, ಕಿವಿ-ಮಾತು ಎರಡೂ ಇಲ್ಲದವರನ್ನು, ಬುದ್ಧಿ ಸ್ಥಿಮಿತದಲ್ಲಿಲ್ಲದವರನ್ನು ಹಾಗೂ ಮಕ್ಕಳನ್ನು ಒಂದೇ ವರ್ಗಕ್ಕೆ ಸೇರಿಸಿ ಧಾರ್ಮಿಕ ಕರ್ತವ್ಯಗಳಿಂದ ವಿನಾಯಿತಿ ನೀಡಿತು. ಅರಿವಿಲ್ಲದವರ ಮೇಲೆ ಹೊಣೆ ಹೊರಿಸಬಾರದೆಂಬುದು ಅದರ ತರ್ಕ. ಮೇಲುನೋಟಕ್ಕೆ ಇದು ಕರುಣೆ. ಆದರೆ ಕರ್ತವ್ಯಪಾಲನೆಯೇ ಬದುಕಿನ ಘನತೆಯಾದ ಸಮುದಾಯದಲ್ಲಿ ಕರ್ತವ್ಯವಿಲ್ಲದವರು ಎಣಿಕೆಗೂ ಸಿಗುವುದಿಲ್ಲ.

ಇದರ ನೋವನ್ನು ಬಲ್ಲವರೊಬ್ಬರು ತಾಲ್ಮುದ್‌ನಲ್ಲಿಯೇ ಇದ್ದಾರೆ. ರಾವ್ ಯೋಸೆಫ್ ಎಂಬ ವಿದ್ವಾಂಸರು ದೃಷ್ಟಿಹೀನರು. ಕುರುಡರಿಗೆ ಧಾರ್ಮಿಕ ವಿಧಿಗಳಿಂದ ವಿನಾಯಿತಿಯಿದೆ ಎಂಬ ರಬ್ಬಿಯೊಬ್ಬರ ಮತವೇ ಶಾಸ್ತ್ರವೆಂದು ಯಾರಾದರೂ ಹೇಳಿದರೆ ವಿದ್ವಾಂಸರಿಗೆಲ್ಲ ಔತಣ ಕೊಡುವೆನೆಂದು ಅವರು ಮೊದಲು ಹೇಳಿದ್ದರು. ಕಟ್ಟುಪಾಡಿಲ್ಲದಿದ್ದರೂ ತಾನು ಎಲ್ಲವನ್ನೂ ಪಾಲಿಸುತ್ತಿರುವೆನೆಂಬ ಹೆಮ್ಮೆ ಅವರದು. ಕಟ್ಟುಪಾಡಿಗೆ ಒಳಪಟ್ಟು ಪಾಲಿಸುವವರೇ ಹೆಚ್ಚಿನವರು ಎಂಬ ಮಾತು ಕಿವಿಗೆ ಬಿದ್ದ ಮೇಲೆ ಅವರ ನಿಲುವು ತಿರುಗಿತು. ಆ ವಿನಾಯಿತಿ ಸಿಂಧುವಲ್ಲವೆಂದು ಹೇಳಿದವರಿಗೇ ಈಗ ಔತಣ ಎಂದರು. ಹೊರೆ ಇಳಿಸಿಕೊಳ್ಳುವುದಕ್ಕಿಂತ ಎಲ್ಲರೊಡನೆ ಹೊರೆ ಹೊರುವುದು ಅವರಿಗೆ ಬೇಕಾಗಿತ್ತು.

ಎರಡನೆಯ ವಿನಾಯಿತಿ ನಮ್ಮ ಕಾಲದ್ದು. ಅಂಗವೈಕಲ್ಯದ ಆಧಾರದಲ್ಲಿ ತಾರತಮ್ಯ ಮಾಡಕೂಡದೆಂದು ಅಮೆರಿಕ 1990ರಲ್ಲಿ ಕಾಯಿದೆ ತಂದಿತು. ಅಂಗಡಿ, ಹೋಟೆಲು, ಚಿತ್ರಮಂದಿರಗಳಿಗೆ ಅನ್ವಯಿಸುವ ಅದರ ನಿಯಮಗಳಿಂದ ಧಾರ್ಮಿಕ ಸಂಸ್ಥೆಗಳನ್ನು, ಅವು ನಡೆಸುವ ಶಾಲೆಗಳನ್ನು ಹೊರಗಿಟ್ಟಿತು. ಹಳೆಯ ವಿನಾಯಿತಿ ವ್ಯಕ್ತಿಯನ್ನು ಸಮುದಾಯದ ಹೊಣೆಯಿಂದ ಬಿಡಿಸಿತ್ತು. ಹೊಸದು ಸಮುದಾಯವನ್ನೇ ವ್ಯಕ್ತಿಯ ಹೊಣೆಯಿಂದ ಬಿಡಿಸಿತು.

ಜೂಡಿತ್ ಹ್ಯೂಮನ್ ಅವರ ಬಾಲ್ಯವನ್ನು ನೋಡಿ. 1947ರಲ್ಲಿ ಹುಟ್ಟಿದ ಅವರು ನಾಜಿ ಜರ್ಮನಿಯಿಂದ ಪಾರಾಗಿ ಬಂದ ಯಹೂದಿ ದಂಪತಿಗಳ ಮಗಳು. ಎಳವೆಯಲ್ಲೇ ಪೋಲಿಯೊ ತಗುಲಿ ಗಾಲಿಕುರ್ಚಿ ಹಿಡಿದರು. ಬೆಂಕಿ ಬಿದ್ದರೆ ಅಪಾಯವೆಂಬ ನೆಪದಿಂದ ಬ್ರೂಕ್ಲಿನ್‌ನ ಸರ್ಕಾರಿ ಶಾಲೆ ಅವರನ್ನು ಸೇರಿಸಿಕೊಳ್ಳಲಿಲ್ಲ. ತಾಯಿ ಯಹೂದಿ ಶಾಲೆಯೊಂದರ ಕದ ತಟ್ಟಿದರು. ಹೀಬ್ರೂ ಕಲಿತರೆ ನೋಡೋಣ ಎಂದರು ಅಲ್ಲಿಯ ಮುಖ್ಯಸ್ಥರು. ಮಗು ಹೀಬ್ರೂ ಕಲಿಯಿತು, ಆದರೂ ಬಾಗಿಲು ತೆರೆಯಲಿಲ್ಲ. ಮುಂದೆ ಅದೇ ಹ್ಯೂಮನ್ 1977ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಸರ್ಕಾರಿ ಕಟ್ಟಡದಲ್ಲಿ ಮೂರು ವಾರಗಳಿಗೂ ಹೆಚ್ಚು ಕಾಲ ನಡೆದ ಧರಣಿಯ ನೇತೃತ್ವ ವಹಿಸಿ, ಅಂಗವಿಕಲರ ಹಕ್ಕುಗಳ ಜಾರಿಗಾಗಿ ಹೋರಾಡಿದರು.

ಸಮುದಾಯದ ಒಳಗೂ ಕೆಲಸ ನಡೆದಿದೆ. ನ್ಯೂಯಾರ್ಕಿನಲ್ಲಿ 1931ರಲ್ಲೇ ಯಹೂದಿ ಬ್ರೈಲ್ ಸಂಸ್ಥೆ ಸ್ಥಾಪನೆಯಾಯಿತು. 1970ರಲ್ಲಿ ಹರ್ಬ್ ಮತ್ತು ಬಾರ್ಬರಾ ಗ್ರೀನ್‌ಬರ್ಗ್ ಎಂಬ ಶಿಕ್ಷಕ ದಂಪತಿಗಳು ರಾಮಾ ಬೇಸಿಗೆ ಶಿಬಿರದಲ್ಲಿ ‘ಟಿಕ್ವಾ’, ಅಂದರೆ ಭರವಸೆ, ಎಂಬ ಕಾರ್ಯಕ್ರಮ ಆರಂಭಿಸಿ, ಬೆಳವಣಿಗೆಯ ತೊಡಕುಗಳಿದ್ದ ಮಕ್ಕಳನ್ನು ಇತರ ಮಕ್ಕಳಿರುವ ಶಿಬಿರಕ್ಕೇ ಕರೆತಂದರು. 2011ರಲ್ಲಿ ಕನ್ಸರ್ವೇಟಿವ್ ಪಂಥದ ಶಾಸ್ತ್ರಸಮಿತಿ, ರಬ್ಬಿ ಪಮೇಲಾ ಬಾರ್ಮಾಶ್ ಬರೆದ ನಿರ್ಣಯವನ್ನು ಅಂಗೀಕರಿಸಿ, ಸಂಜ್ಞಾಭಾಷೆಯಲ್ಲಿ ವ್ಯವಹರಿಸುವ ಕಿವುಡರನ್ನು ಮಿನ್ಯಾನ್‌ಗೆ ಎಣಿಸಬೇಕೆಂದಿತು. ಕೈಗಳಿಂದ ಮಾಡಿದ ಪ್ರಾರ್ಥನೆಯೂ ಪ್ರಾರ್ಥನೆಯೇ ಎಂದು ಒಪ್ಪಿಕೊಂಡಂತಾಯಿತು. ತೋರಾ ವಾಚನಕ್ಕೆ ವೇದಿಕೆಗೆ ಕರೆಯುವುದನ್ನು ‘ಅಲಿಯಾ’, ಅಂದರೆ ಏರುವುದು, ಎನ್ನುತ್ತಾರೆ. ಏರಲಾರದವರಿಗಾಗಿ ಕೆಲವು ಸಿನಗಾಗ್‌ಗಳು ಇಳಿಜಾರು ಹಾದಿ ಕಟ್ಟಿವೆ, ಕೆಲವು ಓದುವ ಮೇಜನ್ನೇ ಕೆಳಗೆ ತಂದಿವೆ.

ಇನ್ನು ನಮ್ಮ ವಿಷಯ. ಅಮೆರಿಕದ ಎಷ್ಟೋ ಯಹೂದಿ ಮಕ್ಕಳು ವಾರದ ದಿನಗಳಲ್ಲಿ ಸರ್ಕಾರಿ ಶಾಲೆಗೆ, ಭಾನುವಾರ ಹೀಬ್ರೂ ಶಾಲೆಗೆ ಹೋಗುತ್ತಾರೆ. ನಮ್ಮ ಮಕ್ಕಳು ವಾರಾಂತ್ಯದ ಕನ್ನಡ ತರಗತಿಗೆ ಬರುವುದು ಹೀಗೆಯೇ ಅಲ್ಲವೆ? ಅಂಥದೊಂದು ತರಗತಿಯಲ್ಲಿ ನಾನು ಸ್ವಯಂಸೇವಕಿಯಾಗಿದ್ದಾಗ, ಆಟಿಸಂ ಇದ್ದ ಮಗನನ್ನು ಸೇರಿಸಲು ತಾಯಿಯೊಬ್ಬರು ಬಂದರು. “ಫೋನಿನಲ್ಲಿ ಅಜ್ಜಿಯ ದನಿ ಕೇಳಿದರೆ ನಗುತ್ತಾನೆ ಮೇಡಂ. ಅವರು ಹೇಳುವುದು ಒಂದಿಷ್ಟು ತಿಳಿದರೆ ಸಾಕು” ಎಂದರು. ತರಬೇತಿ ಪಡೆದವರು ನಮ್ಮಲ್ಲಿಲ್ಲ, ಎರಡನೆಯ ಭಾಷೆಯ ಭಾರ ಅವನಿಗೇಕೆ ಎಂದು ನಯವಾಗಿ ಹೇಳಿ ಕಳುಹಿಸಿದೆವು. ಹಾಗೆ ಹೇಳಿದವಳು ನಾನೇ. ಆ ಹುಡುಗನಿಗೆ ನಾನು ಕೊಟ್ಟದ್ದು ಕನ್ನಡದಿಂದ ವಿನಾಯಿತಿ ಎಂಬುದು ವರ್ಷಗಳ ನಂತರ, ರಾವ್ ಯೋಸೆಫರ ಕಥೆ ಓದಿದಾಗ ಹೊಳೆಯಿತು.

ಆ ತಾಯಿ ಮತ್ತೆ ಬರಲಿಲ್ಲ. ನಾವೂ ವಿಚಾರಿಸಲಿಲ್ಲ. ಮುಂದಿನ ವರ್ಷದ ದಾಖಲಾತಿ ಅರ್ಜಿಯಲ್ಲಿ ‘ನಿಮ್ಮ ಮಗುವಿಗೆ ನಾವು ಏನು ಸಿದ್ಧಪಡಿಸಿಕೊಳ್ಳಬೇಕು?’ ಎಂಬ ಒಂದು ಸಾಲನ್ನು ಪ್ರತಿಯೊಂದು ಕನ್ನಡ ತರಗತಿಯೂ ಸೇರಿಸಲಿ ಎಂಬುದು ನನ್ನ ಕೋರಿಕೆ. ಅದಕ್ಕೆ ಬರುವ ಉತ್ತರಗಳನ್ನು ಓದಿದ ಮೇಲೆ ನಮ್ಮಲ್ಲಿ ಎಷ್ಟು ಮಕ್ಕಳಿದ್ದಾರೆಂದು ಮತ್ತೊಮ್ಮೆ ಎಣಿಸೋಣ.